ಕಾಲಿನ ಉಗುರು ಒಳಗೆ ಬೆಳೆದರೆ...



ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಓಡಾಡುವವರು ನಾವು. ನಮ್ಮದೇ ಕಾಲಿನ ಹೆಬ್ಬೆರಳು ಬಾತುಕೊಂಡರೆ ಮಾತ್ರ "ಏನಾಗ್ತದೆ ಬಿಡಿ, ತಾನೇ ಹೋಗ್ತದೆ" ಎಂದು ಸುಮ್ಮನಾಗುತ್ತೇವೆ. ನಾಟಿ ಕೆಲಸದ ಸಮಯದಲ್ಲಿ ಒಬ್ಬ ಸದಸ್ಯೆಗೆ ಹೀಗಾಯಿತೆಂದು ತಿಳಿಯೋಣ. ಮೊದಲ ವಾರ ನೋವು, ಎರಡನೇ ವಾರ ಕೀವು, ಮೂರನೇ ವಾರ ಗದ್ದೆಗೆ ಇಳಿಯಲಾಗದೆ ಕೂಲಿ ತಪ್ಪಿತು. ಸಂಘಕ್ಕೆ ಕಟ್ಟುವ ವಾರದ ಉಳಿತಾಯವೂ ನಿಂತಿತು. ಇಷ್ಟಕ್ಕೆಲ್ಲ ಕಾರಣ ಉಗುರಿನ ಒಂದು ಚೂರು!

ಏನಿದು?

ಉಗುರಿನ ಅಂಚು ನೇರವಾಗಿ ಮುಂದಕ್ಕೆ ಬೆಳೆಯದೆ ಪಕ್ಕದ ಚರ್ಮಕ್ಕೆ ಚುಚ್ಚಿಕೊಳ್ಳುತ್ತದೆ. ಹೆಚ್ಚಾಗಿ ಇದು ಹೆಬ್ಬೆರಳಿಗೆ ಬರುತ್ತದೆ. ಮೊದಲು ಒತ್ತಿದರೆ ನೋವು, ಆಮೇಲೆ ಕೆಂಪು ಬಾವು, ನಂತರ ಕೀವು. ಹಲವರು ಇದನ್ನು ಉಗುರುಸುತ್ತು ಎಂದೇ ಕರೆಯುತ್ತಾರೆ. ಆದರೆ ಇಲ್ಲಿ ಮುಳ್ಳಿನಂತೆ ಚುಚ್ಚಿರುವುದು ನಮ್ಮದೇ ಉಗುರು. ಮುಳ್ಳು ಒಳಗೇ ಇದ್ದರೆ ಗಾಯ ಮಾಯುವುದುಂಟೇ? ಅದಕ್ಕೇ ಬರೀ ಮಾತ್ರೆ ನುಂಗಿದರೆ ಕಡಿಮೆಯಾದಂತೆ ಕಂಡು ಮತ್ತೆ ಬರುತ್ತದೆ.

ಯಾಕೆ ಬರುತ್ತದೆ?

* ಉಗುರನ್ನು ತೀರಾ ಒಳಗೆ, ಮೂಲೆ ಉರುಟಾಗಿ ಕತ್ತರಿಸುವುದರಿಂದ
* ಬಿಗಿಯಾದ ಚಪ್ಪಲಿ, ಶೂ ಹಾಕುವುದರಿಂದ
* ಕಲ್ಲು ಎಡವಿ ಅಥವಾ ಭಾರದ ವಸ್ತು ಬಿದ್ದು ಪೆಟ್ಟಾಗುವುದರಿಂದ
* ಕೆಲವರಿಗೆ ಹುಟ್ಟಿನಿಂದಲೇ ಉಗುರು ಬಾಗಿರುವುದರಿಂದ

ತಡೆಯುವುದು ಹೇಗೆ?

ಸ್ನಾನವಾದ ಮೇಲೆ ಉಗುರು ಮೆತ್ತಗಿರುವಾಗ ನೇಲ್ ಕಟರಿನಿಂದ ನೇರವಾಗಿ ಕತ್ತರಿಸಿ. ಮೂಲೆಗಳನ್ನು ಕೊರೆಯಬೇಡಿ. ಉಗುರು ಬೆರಳಿನ ತುದಿಯ ಮಟ್ಟಕ್ಕೆ ಇರಲಿ. ಗದ್ದೆ, ಕೊಟ್ಟಿಗೆ ಕೆಲಸ ಮುಗಿದ ಮೇಲೆ ಕಾಲು ತೊಳೆದು, ಬೆರಳ ಸಂದಿಯನ್ನೂ ಒರೆಸಿ. ಮಕ್ಕಳ ಕಾಲು ಬೇಗ ಬೆಳೆಯುತ್ತದೆ. ಹೋದ ವರ್ಷದ ಶೂ ಈ ವರ್ಷ ಒತ್ತುತ್ತದೆಯೇ ಎಂದು ಕೈಯಿಂದ ಮುಟ್ಟಿ ನೋಡಿ.

ಶುರುವಿನಲ್ಲೇ ಗೊತ್ತಾದರೆ

ಕೀವು ಇಲ್ಲದಿದ್ದರೆ ಮನೆಯಲ್ಲೇ ಆರೈಕೆ ಮಾಡಬಹುದು. ಉಗುರು ಬೆಚ್ಚಗಿನ ನೀರಿನಲ್ಲಿ ದಿನಕ್ಕೆ 3-4 ಸಲ, 10ರಿಂದ 20 ನಿಮಿಷ ಕಾಲು ಇಟ್ಟುಕೊಂಡು ಒಣಗಿಸಿ. ಆಮೇಲೆ ಶುದ್ಧ ಹತ್ತಿಯ ಸಣ್ಣ ಎಳೆಯನ್ನು ಉಗುರಿನ ಮೂಲೆಯ ಕೆಳಗೆ ಮೆಲ್ಲಗೆ ಇಡಿ. ಅದನ್ನು ದಿನವೂ ಬದಲಿಸಿ. ಬೆರಳು ಒತ್ತದ ಚಪ್ಪಲಿ ಹಾಕಿ. ಕೆಲವು ದಿನಗಳಲ್ಲಿ ಕಡಿಮೆಯಾಗದಿದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಇವನ್ನು ಮಾಡಬೇಡಿ

ಬ್ಲೇಡು, ಪಿನ್ನು, ಸೂಜಿಯಿಂದ ಮೂಲೆ ಕೊರೆಯಬೇಡಿ. ಒಳಗೆ ಉಳಿದ ಚೂಪು ತುದಿ ಇನ್ನೂ ಆಳಕ್ಕೆ ಚುಚ್ಚುತ್ತದೆ. ಸುಣ್ಣ, ಸಗಣಿ ಹಚ್ಚಬೇಡಿ. ಸುಣ್ಣ ಚರ್ಮವನ್ನು ಸುಡುತ್ತದೆ, ಸಗಣಿಯಿಂದ ಧನುರ್ವಾಯು ತಗಲಬಹುದು.

ತಡಮಾಡದೆ ಆಸ್ಪತ್ರೆಗೆ ಹೋಗಿ

ಕೀವು ಬಂದರೆ, ಕೆಂಪು ಮೇಲಕ್ಕೆ ಹರಡಿದರೆ, ಜ್ವರ ಬಂದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಗತ್ಯವಿದ್ದರೆ ಡಾಕ್ಟರು ಬೆರಳಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚುಚ್ಚಿರುವ ಅಂಚನ್ನು ಮಾತ್ರ ತೆಗೆಯುತ್ತಾರೆ. ಆ ಅಂಚು ಮತ್ತೆ ಬೆಳೆಯದಂತೆ ಔಷಧಿ ಹಚ್ಚುವುದೂ ಉಂಟು. ಇದು ಸಣ್ಣ ಚಿಕಿತ್ಸೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಹೆದರಬೇಕಾಗಿಲ್ಲ.

ಸಕ್ಕರೆ ಕಾಯಿಲೆ ಇರುವವರು ವಿಶೇಷವಾಗಿ ಗಮನಿಸಿ. ನಿಮಗೆ ಕಾಲಿನ ಸ್ಪರ್ಶಜ್ಞಾನ ಕಡಿಮೆಯಾಗಿರಬಹುದು. ಗಾಯವಾದರೂ ನೋವು ಗೊತ್ತಾಗುವುದಿಲ್ಲ. ಸಣ್ಣ ಹುಣ್ಣು ದೊಡ್ಡದಾಗಿ ಬೆರಳನ್ನೇ ತೆಗೆಯಬೇಕಾದ ಸ್ಥಿತಿ ಬರಬಹುದು. ಆದ್ದರಿಂದ ಮನೆಮದ್ದು ಮಾಡುತ್ತಾ ಕೂರಬೇಡಿ. ದಿನವೂ ಕಾಲು ನೋಡಿಕೊಳ್ಳಿ, ಉಗುರು ಚುಚ್ಚಿದ ದಿನವೇ ತೋರಿಸಿ. ಕಣ್ಣು ಸರಿ ಕಾಣದ ಅತ್ತೆ, ಅಮ್ಮನ ಉಗುರನ್ನು ಮನೆಯವರು ಕತ್ತರಿಸಿಕೊಡಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮಲ್ಲಿ ಎಷ್ಟು ಮಂದಿ ಉಗುರಿನ ಮೂಲೆಯನ್ನು ಬ್ಲೇಡಿನಿಂದ ಕೊರೆಯುತ್ತೇವೆ?
2. ನಮ್ಮ ಸಂಘದಲ್ಲಿ, ಮನೆಗಳಲ್ಲಿ ಸಕ್ಕರೆ ಕಾಯಿಲೆ ಇರುವವರು ಯಾರು? ಅವರ ಕಾಲನ್ನು ಯಾರು ನೋಡುತ್ತಾರೆ?
3. ಹಣವಿಲ್ಲವೆಂದು ಆಸ್ಪತ್ರೆಗೆ ಹೋಗದ ಸದಸ್ಯೆಗೆ ಸಂಘದಿಂದ ತುರ್ತು ಸಾಲ ಕೊಡಬಹುದೇ?

ಇವತ್ತು ಮನೆಗೆ ಹೋದ ಮೇಲೆ ಐದು ನಿಮಿಷ ಕುಳಿತು ನಿಮ್ಮ ಕಾಲನ್ನು ನೀವೇ ನೋಡಿಕೊಳ್ಳಿ. ಮನೆಯನ್ನು ಹೊತ್ತು ನಡೆಯುವ ಕಾಲುಗಳಿಗೆ ಅಷ್ಟಾದರೂ ಆರೈಕೆ ಬೇಡವೇ?