ಬಿಸಿಲು, ಗಾಳಿ ಮತ್ತು ಹಗೇವು
(ಅಂತಿಮ ಬಿ.ಎ. ವಿದ್ಯಾರ್ಥಿ)

ಮುಂಗಾರು ಹಿಡಿಯಿತೆಂದರೆ ನಮ್ಮ ಗದಗು ಸೀಮೆಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ಕಾಣಬರುತ್ತವೆ. ಮೋಡ ಕವಿದು ಬಿಸಿಲು ಕುಗ್ಗುತ್ತದೆ. ಅದೇ ಹೊತ್ತಿಗೆ ಕಪ್ಪತಗುಡ್ಡದ ಸಾಲಿನ ಮೇಲಿನ ಗಾಳಿಯಂತ್ರಗಳು ಹಗಲಿರುಳೂ ತಿರುಗತೊಡಗುತ್ತವೆ. ಸೂರ್ಯನು ಹಿಂಜರಿದಾಗ ವಾಯುವು ಮುಂದೆ ಬರುವ ಈ ಹೊಂದಾಣಿಕೆಯನ್ನು ಕಂಡವರಿಗೆ, ಮನೆಯ ಸೌರಫಲಕದ ಜೊತೆಗೆ ಒಂದು ಸಣ್ಣ ಗಾಳಿಯಂತ್ರವನ್ನೂ ಒಂದು ಬ್ಯಾಟರಿಯನ್ನೂ ಏಕೆ ಕೂಡಿಸಬಾರದು ಎಂಬ ಪ್ರಶ್ನೆ ಏಳುವುದು ಸಹಜವೇ ಆಗಿದೆ. ಈ ಪ್ರಶ್ನೆಯನ್ನು ಲೆಕ್ಕದ ಒರೆಗೆ ಹಚ್ಚಿ ನೋಡುವುದೇ ಈ ಲೇಖನದ ಉದ್ದೇಶ.

ಕಲ್ಪನೆಯೇನೋ ಹಳೆಯದು. ೧೮೫೯ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂಟೆಯು ಸೀಸದ ಬ್ಯಾಟರಿಯನ್ನು ನಿರ್ಮಿಸಿದನು. ೧೮೮೭ರಲ್ಲಿ ಪ್ರಾಧ್ಯಾಪಕ ಜೇಮ್ಸ್ ಬ್ಲೈತನು ಸ್ಕಾಟ್ಲೆಂಡಿನ ಮೇರಿಕಿರ್ಕ್ ಎಂಬ ಹಳ್ಳಿಯಲ್ಲಿದ್ದ ತನ್ನ ಮನೆಯಂಗಳದಲ್ಲಿ ಗಾಳಿಯಂತ್ರವನ್ನು ನಿಲ್ಲಿಸಿ, ಅದರಿಂದ ಬ್ಯಾಟರಿಗಳನ್ನು ತುಂಬಿಸಿ ದೀಪ ಹಚ್ಚಿದನು. ಹೆಚ್ಚಾದ ವಿದ್ಯುತ್ತನ್ನು ಬೀದಿದೀಪಕ್ಕೆ ಕೊಡುವೆನೆಂದಾಗ ಊರವರು ಅದನ್ನು ಸೈತಾನನ ಕೆಲಸವೆಂದು ಬೇಡವೆಂದರಂತೆ! ಬಿಸಿಲಿನ ಸರದಿ ಬಂದುದು ೧೯೫೪ರಲ್ಲಿ. ಆ ವರ್ಷ ಅಮೆರಿಕದ ಬೆಲ್ ಪ್ರಯೋಗಾಲಯವು ಸಿಲಿಕಾನಿನ ಸೌರಕೋಶವನ್ನು ಲೋಕಕ್ಕೆ ತೋರಿಸಿತು. ಇಲ್ಲಿ ಗಮನಿಸಬೇಕಾದುದೊಂದಿದೆ. ಮನೆಗೆ ದೀಪ ಕೊಟ್ಟ ಬ್ಲೈತನ ಗಾಳಿಯಂತ್ರಕ್ಕೂ ಬ್ಯಾಟರಿಯ ಜೊತೆ ಬೇಕಾಯಿತು. ಗಾಳಿಯಾಗಲಿ ಬಿಸಿಲಾಗಲಿ ನಮ್ಮ ಅನುಕೂಲ ನೋಡಿ ಬರುವುದಿಲ್ಲವಷ್ಟೇ.

ಇನ್ನು ನಮ್ಮ ಮನೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಮಾಳಿಗೆಯ ಮೇಲೆ ಒಂದು ಕಿಲೋವ್ಯಾಟಿನ ಸೌರಫಲಕವಿದೆ. ಒಳ್ಳೆಯ ಬಿಸಿಲಿನ ದಿನ ಅದು ಸುಮಾರು ೪ ಯೂನಿಟ್ ವಿದ್ಯುತ್ತನ್ನು ಕೊಡುತ್ತದೆ. ಆದರೆ ಅದು ಊರಿನ ವಿದ್ಯುತ್ ತಂತಿಗೆ ಜೋಡಿಸಿದ ಬಗೆಯದು. ತಂತಿಯಲ್ಲಿ ಕರೆಂಟು ಹೋದೊಡನೆ, ನಡು ಮಧ್ಯಾಹ್ನವಾದರೂ, ಅದರ ಇನ್ವರ್ಟರು ತಾನಾಗಿಯೇ ನಿಂತುಬಿಡುತ್ತದೆ. ಇದು ದೋಷವಲ್ಲ, ಕಂಬದ ಮೇಲೆ ದುರಸ್ತಿ ಮಾಡುವ ಲೈನ್‌ಮನ್ನನ ಜೀವ ಕಾಯಲು ಇರುವ ಏರ್ಪಾಡು. ಆದರೂ ಅವ್ವನ ಹೊಲಿಗೆಯಂತ್ರ ನಿಲ್ಲುವುದೂ, ಎಸ್.ಎಸ್.ಎಲ್.ಸಿ. ಓದುವ ತಂಗಿ ಕತ್ತಲೆಯಲ್ಲಿ ಕೂಡುವುದೂ ತಪ್ಪಲಿಲ್ಲ.

ಹೀಗಿರಲು ಒಬ್ಬ ವ್ಯಾಪಾರಿಯು ಬಂದು, ಮಾಳಿಗೆಯ ಮೇಲೆ ಎರಡು ಮೀಟರ್ ಅಗಲದ ಗಾಳಿಯಂತ್ರವನ್ನು ಕೂಡಿಸಿದರೆ ಹಗಲೂ ರಾತ್ರಿಯೂ ಕರೆಂಟಿಗೆ ಕೊರತೆಯಿಲ್ಲವೆಂದನು. ಅವನು ಹೇಳಿದ ಬೆಲೆಗೆ, ಹೆಸರು ಮಾರಿ ನನ್ನ ಬಿ.ಎಡ್. ಓದಿಗೆಂದು ಇಟ್ಟಿದ್ದ ಹಣವೆಲ್ಲ ಸರಿಹೋಗುತ್ತಿತ್ತು. ಅಪ್ಪ ನನ್ನತ್ತ ತಿರುಗಿ, "ಓದಿದಾಂವ ನೀ ಅದೀ. ಲೆಕ್ಕಾ ಹಾಕಿ ಹೇಳು, ನೀ ಹೇಳಿದ್ಹಂಗ ಮಾಡೋಣು" ಎಂದರು. ನಮ್ಮ ಮನೆತನದಲ್ಲಿ ನನಗಿಂತ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಯಾವ ಪರೀಕ್ಷೆಯ ಪ್ರಶ್ನೆಯೂ ನನಗೆ ಇಷ್ಟು ಭಾರವೆನಿಸಿರಲಿಲ್ಲ.

ಮೊದಲನೆಯ ಲೆಕ್ಕ ಅವಶ್ಯಕತೆಯದು. ಕರೆಂಟಿಲ್ಲದ ದಿನ ನಮಗೆ ಬೇಕಾದುದೆಷ್ಟು? ೯ ವ್ಯಾಟಿನ ನಾಲ್ಕು ಎಲ್.ಇ.ಡಿ. ದೀಪಗಳು ಆರು ತಾಸು ಉರಿದರೆ ೨೧೬ ವ್ಯಾಟ್-ತಾಸು, ೧೦೦ ವ್ಯಾಟಿನ ಹೊಲಿಗೆಯಂತ್ರದ ಮೋಟಾರು ಮೂರು ತಾಸು ನಡೆದರೆ ೩೦೦, ೩೦ ವ್ಯಾಟಿನ ಫ್ಯಾನು ಎಂಟು ತಾಸಿಗೆ ೨೪೦, ಟೀವಿ ಎರಡು ತಾಸಿಗೆ ೧೨೦, ಮೊಬೈಲುಗಳಿಗೆ ೪೦. ಒಟ್ಟು ೯೧೬, ಇನ್ವರ್ಟರಿನಲ್ಲಿ ಸೋರಿಹೋಗುವುದನ್ನು ಸೇರಿಸಿದರೆ ಒಂದು ಯೂನಿಟ್ಟಿನ ಮೇಲೆ ಸ್ವಲ್ಪ. ಮೋಡದ ದಿನ ಫಲಕದ ಉತ್ಪತ್ತಿ ಅರ್ಧಕ್ಕಿಳಿದರೂ ಎರಡು ಯೂನಿಟ್ ಬರುತ್ತದೆ. ಎಂದರೆ ನಮ್ಮ ಕೊರತೆ ವಿದ್ಯುತ್ತಿನದಲ್ಲ, ಅದನ್ನು ಕೂಡಿಡುವ ಜಾಗದ್ದು.

ಎರಡನೆಯ ಲೆಕ್ಕ ಬ್ಯಾಟರಿಯದು. ಸುಗ್ಗಿಯಲ್ಲಿ ಬಂದ ಜೋಳವನ್ನು ನಮ್ಮ ಹಿರಿಯರು ಹಗೇವಿನಲ್ಲಿ ತುಂಬಿಡುತ್ತಿದ್ದರು. ಬ್ಯಾಟರಿಯು ವಿದ್ಯುತ್ತಿನ ಹಗೇವು. ೧೨ ವೋಲ್ಟು, ೧೫೦ ಆಂಪಿಯರ್-ತಾಸಿನ ಸೀಸದ ಬ್ಯಾಟರಿಯಲ್ಲಿ ೧.೮ ಯೂನಿಟ್ ಹಿಡಿಯುತ್ತದೆ. ಆದರೆ ಪ್ರತಿದಿನ ಅದನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ. ಶುದ್ಧ ನೀರು ಹಾಕುತ್ತಿರಬೇಕು. ತುಂಬುವಾಗ ಜಲಜನಕ ಹೊರಬರುವುದರಿಂದ ಗಾಳಿಯಾಡುವ ಕಡೆ ಇಡಬೇಕು. ಲಿಥಿಯಂ-ಕಬ್ಬಿಣ-ಫಾಸ್ಫೇಟಿನ ಬ್ಯಾಟರಿಗೆ ಬೆಲೆ ಹೆಚ್ಚು. ಆದರೆ ನೂರರಲ್ಲಿ ಎಂಬತ್ತು ಪಾಲನ್ನು ನಿರ್ಭಯವಾಗಿ ತೆಗೆಯಬಹುದು, ಬಾಳಿಕೆಯೂ ಅಧಿಕ. ೨೪ ವೋಲ್ಟು, ೧೦೦ ಆಂಪಿಯರ್-ತಾಸಿನದಾದರೆ ೧.೯ ಯೂನಿಟ್ ಕೈಗೆ ಸಿಗುತ್ತದೆ. ದಟ್ಟ ಮೋಡ ಕವಿದು ಫಲಕವು ತೀರ ಸೊರಗಿದ ದಿನವನ್ನೂ ಅದರಿಂದ ದಾಟಬಹುದು. ಇದರೊಡನೆ ಹಳೆಯ ಇನ್ವರ್ಟರನ್ನು ತೆಗೆದು, ತಂತಿ ಸತ್ತಾಗ ಮನೆಯನ್ನು ಅದರಿಂದ ಬೇರ್ಪಡಿಸಿ ಬ್ಯಾಟರಿಯಿಂದ ನಡೆಸುವ ಹೈಬ್ರಿಡ್ ಇನ್ವರ್ಟರನ್ನು ಹಾಕಬೇಕು.

ಮೂರನೆಯ ಲೆಕ್ಕ ಗಾಳಿಯದು. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟುಮಡಿ. ಅದರಲ್ಲಿಯೂ ನೂರಕ್ಕೆ ೫೯ ಪಾಲಿಗಿಂತ ಹೆಚ್ಚನ್ನು ಯಾವ ಯಂತ್ರವೂ ಹಿಡಿಯಲಾರದೆಂದು ಜರ್ಮನಿಯ ಆಲ್ಬರ್ಟ್ ಬೆಟ್ಸ್ ತೋರಿಸಿಕೊಟ್ಟಿದ್ದಾನೆ. ಸಣ್ಣ ಯಂತ್ರಗಳು ಕಾಲುಭಾಗ ಹಿಡಿದರೆ ದೊಡ್ಡದು. ಎರಡು ಮೀಟರ್ ಅಗಲದ ಯಂತ್ರವು ಸೆಕೆಂಡಿಗೆ ೬ ಮೀಟರ್ ಗಾಳಿಯಲ್ಲಿ ಸುಮಾರು ೧೦೦ ವ್ಯಾಟ್ ಕೊಟ್ಟರೆ, ೩ ಮೀಟರ್ ಗಾಳಿಯಲ್ಲಿ ಕೊಡುವುದು ೧೨ ವ್ಯಾಟ್ ಮಾತ್ರ. ದಿನವಿಡೀ ತಿರುಗಿದರೆ ಮೊದಲನೆಯದು ೨.೪ ಯೂನಿಟ್, ಎರಡನೆಯದು ೦.೩ ಯೂನಿಟ್. ಭೂಗೋಳ ವಿಭಾಗದಿಂದ ಎರವಲು ತಂದ ವಾಯುವೇಗಮಾಪಕವನ್ನು ಶ್ರಾವಣದ ಕೆಲವು ಸಂಜೆ ಹಿಡಿದು ನೋಡಿದೆನು. ನಮ್ಮ ಮಾಳಿಗೆಯ ಮೇಲೆ ಮುಳ್ಳು ಮೂರರ ಆಸುಪಾಸಿನಲ್ಲಿ ತಡವರಿಸುತ್ತಿತ್ತು. ಊರ ಹೊರಗಿನ ಬಯಲು ದಿಬ್ಬದ ಮೇಲೆ ಆರನ್ನು ಮುಟ್ಟುತ್ತಿತ್ತು.

ಇದನ್ನು ಹೇಳಿದಾಗ ಅಪ್ಪ ನಕ್ಕರು. "ಅಲ್ಲಪಾ, ಊರ ನಡುವ ಯಾರರ ರಾಶಿ ತೂರತಾರೇನು? ಬಯಲಾಗಿನ ಕಣಕ್ಕ ಹೋಗೂದು ಯಾತಕ್ಕ?" ಎಂದರು. ಗ್ರಂಥಗಳು ಹೇಳುವುದೂ ಇದನ್ನೇ. ಮನೆ, ಮರಗಳ ನಡುವೆ ಗಾಳಿಯು ಸುಳಿಸುಳಿಯಾಗಿ ಒಡೆಯುತ್ತದೆ. ನೂರೈವತ್ತು ಮೀಟರ್ ಸುತ್ತಳತೆಯಲ್ಲಿರುವ ಎಲ್ಲಕ್ಕಿಂತ ಒಂಬತ್ತು ಮೀಟರ್ ಎತ್ತರದಲ್ಲಿ ಯಂತ್ರವಿರಬೇಕು. ಮಾಳಿಗೆಯ ಮೇಲೆ ಕೂಡಿಸಿದರೆ ಅದರ ನಡುಕವು ಗೋಡೆಗೂ ತಟ್ಟುತ್ತದೆ.

ಗಾಳಿ ಚೆನ್ನಾಗಿರುವ ಕಡೆ ಯಂತ್ರವನ್ನು ಹಾಕುವವರು ಇನ್ನೊಂದನ್ನು ಮರೆಯಬಾರದು. ಬ್ಯಾಟರಿ ತುಂಬಿದಾಗ ಸೌರಫಲಕವನ್ನು ಸುಮ್ಮನೆ ಬಿಡಿಸಿಡಬಹುದು. ಗಾಳಿಯಂತ್ರವನ್ನು ಹಾಗೆ ಬಿಡಿಸಿದರೆ ಹೊರೆಯಿಲ್ಲದೆ ಹುಚ್ಚೆದ್ದು ತಿರುಗಿ ಮುರಿಯಬಹುದು. ಆದುದರಿಂದ ಹೆಚ್ಚಾದ ವಿದ್ಯುತ್ತನ್ನು ಶಾಖವಾಗಿ ಕಳೆಯುವ ಬೇರೆ ನಿಯಂತ್ರಕವೂ, ಕೈಯಿಂದ ನಿಲ್ಲಿಸುವ ಬ್ರೇಕೂ, ಕಂಬಕ್ಕೆ ಅರ್ಥಿಂಗೂ, ಸಿಡಿಲುರಕ್ಷೆಯೂ ಇರಲೇಬೇಕು.

ನಮ್ಮ ಮನೆಗೆ ಬ್ಯಾಟರಿಯೂ ಹೊಸ ಇನ್ವರ್ಟರೂ ಬಂದವು, ಗಾಳಿಯಂತ್ರ ಬರಲಿಲ್ಲ, ಬಿ.ಎಡ್. ಮೊದಲ ವರ್ಷದ ಶುಲ್ಕಕ್ಕಾಗುವಷ್ಟು ಹಣ ಉಳಿಯಿತು. ಅರ್ಥಶಾಸ್ತ್ರದ ತರಗತಿಯಲ್ಲಿ ಸೀಮಾಂತ ತುಷ್ಟಿಗುಣವೆಂದು ಬರೆದುಕೊಂಡ ಪದದ ಅರ್ಥ ನನಗೆ ಅಂದು ಮನದಟ್ಟಾಯಿತು. ದಿಬ್ಬದ ಮೇಲಿರುವ ಶಾಲೆಗೋ ವಸತಿಗೃಹಕ್ಕೋ ಇದೇ ಲೆಕ್ಕ ಬೇರೆ ಉತ್ತರ ಕೊಡಬಹುದು. ಉತ್ತರ ಬೇರೆಯಾದರೂ ಕ್ರಮ ಒಂದೇ: ಮೊದಲು ಅವಶ್ಯಕತೆಯನ್ನು ಎಣಿಸಬೇಕು, ಬಳಿಕ ಕೂಡಿಡಲು ಹಗೇವು ಮಾಡಬೇಕು, ಆಮೇಲೆ ಒಂದು ಮುಂಗಾರಾದರೂ ಗಾಳಿಯನ್ನು ಅಳೆಯಬೇಕು, ಕಂಬ ನಿಲ್ಲಿಸುವುದು ಎಲ್ಲಕ್ಕೂ ಕಡೆಯ ಕೆಲಸ.