ಬತ್ತದ ಗದ್ದೆಗೆ ನೀರಳೆಯುವ ಕೊಳವೆ

ನಾಟಿಯಿಂದ ಕೊಯಿಲು ಸಮೀಪಿಸುವವರೆಗೂ ಬತ್ತದ ಗದ್ದೆಯಲ್ಲಿ ನೀರು ನಿಂತೇ ಇರಬೇಕೆಂಬುದು ರೈತರಲ್ಲಿ ಬಹುಕಾಲದಿಂದ ಬೇರೂರಿದ ಎಣಿಕೆ. ನಿಂತ ನೀರು ಕಳೆಯನ್ನು ಅಡಗಿಸುವುದು ನಿಜವೇ. ಆದರೆ ಪೈರಿಗೆ ಮುಖ್ಯವಾಗಿ ಬೇಕಾದುದು ಬೇರಿನ ಬಳಿಯ ತೇವ. ಸದಾ ನೀರಿನಡಿಯಿರುವ ಮಣ್ಣಿಗೆ ಗಾಳಿ ತಾಗದೆ, ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆಯುವ ಬೇರು ಸೊಪ್ಪುಗಳಿಂದ ಮೀಥೇನ್ ಎಂಬ ಅನಿಲವನ್ನು ಹುಟ್ಟಿಸುವುವು. ಇದು ಬಹುಮಟ್ಟಿಗೆ ಪೈರಿನ ಕಾಂಡದ ಮೂಲಕವೇ ಹೊರಬೀಳುವುದು. ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯ ಶಾಖವನ್ನು ಹೆಚ್ಚಿಸುವುದರಲ್ಲಿ ಇದು ತೂಕಕ್ಕೆ ತೂಕ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 27 ಪಟ್ಟು ಪ್ರಬಲವಾದುದು.

ಫಿಲಿಪೈನ್ಸ್ ದೇಶದಲ್ಲಿ 1960ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಬತ್ತ ಸಂಶೋಧನಾ ಸಂಸ್ಥೆಯು ಇದಕ್ಕೆ ಸುಲಭವಾದ ಸಾಧನವೊಂದನ್ನು ಪ್ರಚಾರಕ್ಕೆ ತಂದಿದೆ. ಒಂದು ಅಡಿ ಉದ್ದದ, 4ರಿಂದ 6 ಅಂಗುಲ ಅಗಲದ ಬಿದಿರು ಅಥವಾ ಪ್ಲಾಸ್ಟಿಕ್ ಕೊಳವೆಯ ಕೆಳಗಿನ ಅರ್ಧಕ್ಕೆ ಸುತ್ತಲೂ ರಂಧ್ರ ಕೊರೆದು, ಆ ಅರ್ಧವನ್ನು ಮಣ್ಣಿನಲ್ಲಿ ಹೂಳಿ, ಒಳಗಿನ ಮಣ್ಣನ್ನು ತೆಗೆದುಹಾಕತಕ್ಕದ್ದು. ಬದುವಿನಿಂದ ನೋಡಲು ಅನುಕೂಲವಾದ, ಹೆಚ್ಚು ಏರೂ ತಗ್ಗೂ ಅಲ್ಲದ ಸ್ಥಳವೇ ಉತ್ತಮ. ಕೊಳವೆಯೊಳಗಿನ ನೀರು ಮಣ್ಣಿನ ಮಟ್ಟಕ್ಕಿಂತ 6 ಅಂಗುಲ ಕೆಳಗಿಳಿದಾಗ ಮಾತ್ರ ಗದ್ದೆಗೆ ಪುನಃ 2 ಅಂಗುಲ ನೀರು ಹಾಯಿಸಬೇಕು. ನಾಟಿಯಾದ ಒಂದೆರಡು ವಾರಗಳ ಮೇಲೆ ಇದನ್ನು ಆರಂಭಿಸಬಹುದು. ಕಳೆ ಹೆಚ್ಚಾಗಿದ್ದಲ್ಲಿ ಇನ್ನೆರಡು ಮೂರು ವಾರ ತಡೆಯುವುದು ಮೇಲು. ಹೂ ಬರುವುದಕ್ಕೆ ಒಂದು ವಾರ ಮುಂಚಿನಿಂದ ಅದಾದ ಒಂದು ವಾರದವರೆಗೆ ಗದ್ದೆ ಒಣಗಬಾರದು. ಆಗ ನೀರು ತಪ್ಪಿದರೆ ಕಾಳು ಜೊಳ್ಳಾಗುವುದು.

ಈ ಮಿತಿಯನ್ನು ಮೀರದಿದ್ದಲ್ಲಿ ಫಸಲಿಗೆ ಸಾಮಾನ್ಯವಾಗಿ ನಷ್ಟವಿಲ್ಲ. ನೀರಿನಲ್ಲಿ ನೂರಕ್ಕೆ 30ರವರೆಗೂ ಉಳಿತಾಯವುಂಟು. ಮೀಥೇನು ಸುಮಾರು ಅರ್ಧಕ್ಕಿಳಿಯುವುದು. ಆದರೆ ಮಣ್ಣು ಒಣಗಿ ನೆನೆಯುವಾಗ ನೈಟ್ರಸ್ ಆಕ್ಸೈಡ್ ಎಂಬ ಮತ್ತೊಂದು ಅನಿಲವು ಕೊಂಚ ಹೆಚ್ಚುವುದರಿಂದ ಯೂರಿಯಾವನ್ನು ಮನಬಂದಂತೆ ಎರಚಬಾರದು. ನೀರು ಹಾಯಿಸುವುದಕ್ಕೆ ಸ್ವಲ್ಪ ಮುಂಚೆ, ಒಣಗಿದ ನೆಲಕ್ಕೆ ಹಾಕಿದರೆ ಅದು ನೀರಿನೊಡನೆ ಬೇರಿಗಿಳಿಯುವುದು.

ನಿಜವಾದ ತೊಡಕು ಕೊಳವೆಯಲ್ಲಿಲ್ಲ, ತೂಬಿನಲ್ಲಿದೆ. ಮುಂದಿನ ಸರದಿ ಬರುವುದೋ ಇಲ್ಲವೋ ಎಂಬ ಭಯದಿಂದಲೇ ತೂಬಿನ ಬಳಿಯ ರೈತನು ಗದ್ದೆಯನ್ನು ಕೆರೆಯಂತೆ ತುಂಬಿಸಿಕೊಳ್ಳುವನು; ಅಚ್ಚುಕಟ್ಟಿನ ಕೊನೆಯವನ ಪೈರು ಹಾಲುಗಾಳಿನಲ್ಲಿ ಬಾಡುವುದು. ಆತನನ್ನು ಬೈದು ಪ್ರಯೋಜನವಿಲ್ಲ. ಗ್ರಾಮದ ಮುಖಂಡರು ನಾಟಿಗೆ ಮುಂಚೆಯೇ ಸರದಿಯ ದಿನಗಳನ್ನು ಗೊತ್ತುಮಾಡಿ, ನೀರುಗಂಟಿಯಿರುವ ಕಡೆ ಆತನಿಗೆ ಕೊಳವೆ ನೋಡುವುದನ್ನು ಕಲಿಸಿ, ಮೊದಲನೆಯ ವರ್ಷ ತೂಬಿನ ಬಳಿಯ ತಮ್ಮ ಸ್ವಂತ ಗದ್ದೆಗಳಲ್ಲಿಯೇ ಕೊಳವೆಗಳನ್ನು ಹೂಳಿಸತಕ್ಕದ್ದು.