ಪ್ರತಿಯೊಬ್ಬನು ತನ್ನ ಮನೆಯ ಎದುರಿಗೆ

ಸತ್ಯವೇದ ಪಾಠ: ನೆಹೆಮೀಯ 2ರಿಂದ 5ನೇ ಅಧ್ಯಾಯಗಳು

ನೆಹೆಮೀಯನ ಪುಸ್ತಕದ ಮೂರನೆಯ ಅಧ್ಯಾಯವನ್ನು ಕುಟುಂಬ ಪ್ರಾರ್ಥನೆಯಲ್ಲಿ ಓದುವವರು ವಿರಳ. ಬರೀ ಹೆಸರುಗಳೂ ಬಾಗಲುಗಳೂ ಎಂದೆಣಿಸಿ ದಾಟಿಬಿಡುತ್ತೇವೆ. ಆದರೆ ಒಬ್ಬ ನಾಯಕನ ಹೃದಯದಲ್ಲಿ ದೇವರು ಇಟ್ಟ ಆಲೋಚನೆಯು ಸಮಸ್ತ ಜನರ ಸ್ವಂತ ಕೆಲಸವಾಯಿತೆಂಬುದಕ್ಕೆ ಆ ಹೆಸರುಗಳೇ ಸಾಕ್ಷಿ.

ಕ್ರಿಸ್ತಪೂರ್ವ 445ರ ಸುಮಾರಿಗೆ ನೆಹೆಮೀಯನು ಪಾರಸಿಯ ಅರಸನಾದ ಅರ್ತಷಸ್ತನ ಪಾನದಾಯಕನಾಗಿದ್ದನು. ಯೆರೂಸಲೇಮಿನ ಗೋಡೆಯು ಕೆಡವಲ್ಪಟ್ಟಿದೆಯೆಂದು ಕೇಳಿ ಅತ್ತು, ಉಪವಾಸದಿಂದ ಪ್ರಾರ್ಥಿಸಿದನು. ಅರಸನ ಪತ್ರಗಳನ್ನು ಹಿಡಿದು ಬಂದ ಮೇಲೆಯೂ ಅವನು ಕೂಡಲೇ ಅಪ್ಪಣೆ ಕೊಡಲಿಲ್ಲ. ಮೂರು ದಿನ ಸುಮ್ಮನಿದ್ದು, ರಾತ್ರಿಯಲ್ಲಿ ಕೆಲವರೊಂದಿಗೆ ಹೊರಟು ಬಿದ್ದ ಗೋಡೆಯನ್ನು ನೋಡಿದನು. ಅನಂತರವೇ ಜನರನ್ನು ಕರೆದು ಮಾತಾಡಿದನು. ಆ ಮಾತಿನಲ್ಲಿ ಕೇಡು ನಿಮ್ಮದು, ಉಪಾಯ ನನ್ನದು ಎಂಬ ಭೇದವಿಲ್ಲ. ಕೇಡೂ ನಮ್ಮದು, ಕಟ್ಟುವವರೂ ನಾವೇ ಎಂದನು. ಎದ್ದು ಕಟ್ಟೋಣವೆಂಬ ಉತ್ತರವು ಜನರ ಬಾಯಿಂದ ಬಂದಿತು.

ಹಿರಿಯರು ಬಾಗಲು ಮುಚ್ಚಿಕೊಂಡು ನಿಶ್ಚಯಿಸಿ, ಆದಿತ್ಯವಾರದ ಆರಾಧನೆಯ ಕೊನೆಗೆ ಮನೆಗೆ ಇಷ್ಟು ವಂತಿಗೆಯೆಂದು ಓದಿ ಹೇಳುವ ಸಭೆಗಳುಂಟು. ಹಣವು ಬಂದೀತು, ಗೋಡೆಯೂ ಎದ್ದೀತು. ಆದರೆ ಮಳೆಗಾಲದಲ್ಲಿ ಹಂಚು ಒಡೆದರೆ, ಪಾದ್ರಿಯವರ ದೇವಾಲಯ ಸೋರುತ್ತಿದೆ ಎನ್ನುವರೇ ಹೊರತು ನಮ್ಮದು ಸೋರುತ್ತಿದೆ ಎನ್ನರು.

ಕೆಲಸವನ್ನು ಹಂಚಿದ ರೀತಿಯನ್ನು ನೋಡಿರಿ. ಮಹಾಯಾಜಕನೂ ಅವನ ಸಹೋದರರೂ ಕುರಿಬಾಗಲನ್ನು ಕಟ್ಟಿದರು. ಅಕ್ಕಸಾಲಿಗರೂ ಸುಗಂಧದ್ರವ್ಯಗಾರರೂ ವರ್ತಕರೂ ಕಲ್ಲು ಹೊತ್ತರು. ಶಲ್ಲೂಮನೊಂದಿಗೆ ಅವನ ಕುಮಾರ್ತೆಯರು ದುಡಿದರು. ಅನೇಕರು ತಮ್ಮ ತಮ್ಮ ಮನೆಗಳ ಎದುರಿಗೆ, ಒಬ್ಬನು ತನ್ನ ಕೊಠಡಿಯ ಎದುರಿಗೆ ಕಟ್ಟಿದನು. ತನ್ನ ಮಕ್ಕಳು ಮಲಗುವ ಸ್ಥಳದ ಮುಂದಣ ಗೋಡೆಯನ್ನು ಯಾರು ತಾನೇ ಸಡಿಲವಾಗಿ ಕಟ್ಟುವನು?

ಸನ್ಬಲ್ಲಟನ ಪರಿಹಾಸ್ಯದಿಂದಲೂ ಬೆದರಿಕೆಯಿಂದಲೂ ಕೆಲಸವು ನಿಲ್ಲಲಿಲ್ಲ. ಹೆಚ್ಚಿನ ಅಪಾಯವು ಒಳಗಿನಿಂದ ಬಂತು. ಬರಗಾಲದಲ್ಲಿ ಬಡವರು ಧಾನ್ಯಕ್ಕಾಗಿ ಹೊಲಗಳನ್ನೂ ಮನೆಗಳನ್ನೂ ಒತ್ತೆಯಿಟ್ಟಿದ್ದರು. ಅರಸನ ತೆರಿಗೆಗಾಗಿ ಸಾಲಮಾಡಿದ್ದರು. ಅವರ ಹೆಣ್ಣುಮಕ್ಕಳು ದಾಸತ್ವಕ್ಕೆ ಹೋಗಿದ್ದರು. ಸಾಲ ಕೊಟ್ಟವರು ಪರರಲ್ಲ, ಸ್ವಜನರೇ. ಈ ಕೂಗನ್ನು ಕೇಳಿದಾಗ ನೆಹೆಮೀಯನು, ಮೊದಲು ಗೋಡೆ ಮುಗಿಯಲಿ, ಆಮೇಲೆ ನೋಡೋಣ ಎನ್ನಲಿಲ್ಲ. ಮಹಾಸಭೆಯನ್ನು ಕೂಡಿಸಿ ಪ್ರಮುಖರನ್ನು ಎಲ್ಲರೆದುರಿಗೆ ಗದರಿಸಿದನು. ತಾನೂ ತನ್ನವರೂ ಸಾಲ ಕೊಟ್ಟದ್ದನ್ನು ಮರೆಮಾಡಲಿಲ್ಲ. ಆ ದಿನವೇ ಹೊಲಗಳನ್ನೂ, ನೂರಕ್ಕೆ ಒಂದರಂತೆ ತೆಗೆದ ಬಡ್ಡಿಯನ್ನೂ ಹಿಂದಕ್ಕೆ ಕೊಡಬೇಕೆಂದು ಹೇಳಿ, ಯಾಜಕರ ಮುಂದೆ ಪ್ರಮಾಣಮಾಡಿಸಿದನು. ತಾನಾದರೋ ದೇಶಾಧಿಪತಿಗೆ ಸಲ್ಲತಕ್ಕ ಆಹಾರವನ್ನು 12 ವರುಷ ತೆಗೆದುಕೊಳ್ಳಲಿಲ್ಲ.

ನಮ್ಮ ಸಭೆಗಳಲ್ಲಿ ಇದನ್ನು ಕುರಿತು ಮಾತಾಡಲು ಸಂಕೋಚಪಡುತ್ತೇವೆ. ಆದರೂ ಕೇಳಲೇಬೇಕು: ಹಿರಿಯನ ಬಳಿ ತನ್ನ ಹೊಲವನ್ನು ಒತ್ತೆಯಿಟ್ಟವನು, ಅದೇ ಹಿರಿಯನು ತಂದ ಯೋಜನೆಗೆ ಕೈಯೆತ್ತಿದರೆ ಅದು ಒಪ್ಪಿಗೆಯೋ, ಭಯವೋ?

ಗೋಡೆಯು 52 ದಿನಗಳಲ್ಲಿ ಮುಗಿಯಿತು. ಎಲ್ಲರೂ ಬಂದರೆಂದು ಹೇಳಲಾಗದು. ತೆಕೋವದ ಶ್ರೀಮಂತರು ಹೆಗಲು ಕೊಡಲಿಲ್ಲ. ಪುಸ್ತಕವು ಅದನ್ನು ಒಂದೇ ಮಾತಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತದೆ. ಅದೇ ಊರಿನ ಸಾಮಾನ್ಯ ಜನರಾದರೋ ತಮ್ಮ ಪಾಲನ್ನು ಮುಗಿಸಿ, ಓಫೇಲಿನ ಗೋಡೆಯ ವರೆಗೆ ಇನ್ನೊಂದು ಭಾಗವನ್ನೂ ಕಟ್ಟಿದರು.